ಗುಡ್ಡ ಹತ್ತಿ ನಾಲ್ಕು ಸಾವಿರ ವರ್ಷ ಹಿಂದಿನ ಊರನ್ನು ಓದುವುದು ಹೇಗೆ

ಬಳ್ಳಾರಿಗೆ ಅಂಟಿಕೊಂಡಂತೆ ಸಂಗನಕಲ್ಲು ಅಂತ ಒಂದು ಊರಿದೆ. ಅದರ ಪಕ್ಕದ ಗುಡ್ಡಗಳ ಮೇಲೆ ಸುಮಾರು ನಾಲ್ಕು ಸಾವಿರ ವರ್ಷ ಹಿಂದೆ ಜನ ಮನೆ ಕಟ್ಟಿಕೊಂಡು, ದನ ಮೇಯಿಸಿಕೊಂಡು, ಹುರುಳಿ ಬೆಳೆದುಕೊಂಡು ಬದುಕಿದ್ದರು. ಅವರು ಬಿಟ್ಟುಹೋದದ್ದು ಬೇಕಾದಷ್ಟು ಇನ್ನೂ ಅಲ್ಲೇ ಇದೆ. ಆದರೆ ಹೋಗಿ ಬಂದವರನ್ನು ಕೇಳಿದರೆ ಬಹಳ ಜನ ಹೇಳುವುದು ಒಂದೇ, "ಬರೀ ಬಂಡೆ, ನೋಡೋಕೆ ಏನಿಲ್ಲ."

ನಾನೂ ಮೊದಲ ಸಲ ಹಾಗೇ ಬರಿಗೈಲಿ ಇಳಿದು ಬಂದವನು. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿದ್ದೆ, ಬಿಸಿಲು ನೆತ್ತಿ ಮೇಲಿತ್ತು, ಚಿತ್ರ ಎಲ್ಲಿದೆ ಕೊಡಲಿ ಎಲ್ಲಿದೆ ಅಂತ ಹುಡುಕುತ್ತಾ ಎರಡು ಗಂಟೆ ಸುತ್ತಿದೆ, ಒಂದೂ ಕಾಣಲಿಲ್ಲ. ಎರಡನೇ ಸಲ ಬೆಳಿಗ್ಗೆ ಆರೂವರೆಗೆ ಹೋದೆ. ಆಗ ಹುಡುಕಿದ್ದೇ ಬೇರೆ. ವಸ್ತುವನ್ನಲ್ಲ, ಕೆಲಸ ನಡೆದ ಜಾಗವನ್ನು ಹುಡುಕಿದೆ. ಇಲ್ಲಿ ಕೂತವರು ಏನು ಮಾಡುತ್ತಿದ್ದರು? ಎಷ್ಟು ಜನ ಕೂರಬಹುದಿತ್ತು? ನೀರು ಎಲ್ಲಿಂದ ತರುತ್ತಿದ್ದರು? ಈ ಮೂರು ಪ್ರಶ್ನೆ ಇಟ್ಟುಕೊಂಡು ನಡೆದರೆ ಗುಡ್ಡ ತಾನಾಗಿ ಬಿಚ್ಚಿಕೊಳ್ಳುತ್ತೆ. ಅದನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ.

ಮೊದಲು ಮನೆಯಲ್ಲಿ ಒಂದು ಟೇಪು ಹಿಡಿಯಿರಿ

ಇತಿಹಾಸಕ್ಕೂ ಹಿಂದಿನ ಕಾಲ ಅಂದಾಗ ಎಲ್ಲವೂ ಒಂದೇ ಮುದ್ದೆಯಾಗಿ ತಲೆಯಲ್ಲಿ ಕೂತಿರುತ್ತದೆ. ಗುಹೆ, ಕಲ್ಲಿನ ಕೊಡಲಿ, ಬೆಂಕಿ, ಬೇಟೆ, ಎಲ್ಲ ಒಟ್ಟಿಗೆ. ಅದನ್ನು ಬಿಡಿಸಿಕೊಳ್ಳದೆ ಹೋದರೆ ಗುಡ್ಡದ ಮೇಲೆ ಗೊಂದಲವಾಗುತ್ತದೆ.

ಹೊಲಿಗೆಯ ಟೇಪು ಸಾಕಾಗಲ್ಲ, ಐದು ಮೀಟರಿನ ಬಡಗಿ ಟೇಪು ತೆಗೆದುಕೊಳ್ಳಿ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಎಂಬತ್ತು ವರ್ಷ ಬಾಳಿದ ಅಜ್ಜಿಯ ಆಯಸ್ಸು ಎಂಟು ಸೆಂಟಿಮೀಟರ್. ಮಸ್ಕಿಯಲ್ಲಿ, ಬ್ರಹ್ಮಗಿರಿಯಲ್ಲಿ ಶಾಸನ ಬರೆಸಿದ ಅಶೋಕ 2.3 ಮೀಟರ್ ದೂರ. ಹಿರೇಬೆಣಕಲ್ಲಿನ ಕಲ್ಲುಮನೆಗಳ, ಅಂದರೆ ಚಪ್ಪಡಿ ಸಮಾಧಿಗಳ ಕಾಲ ಸುಮಾರು ಅಲ್ಲಿಂದ 2.8 ಮೀಟರಿನ ತನಕ. ಸಂಗನಕಲ್ಲಿನ ಊರು 3.2 ಮೀಟರಿನಿಂದ 4 ಮೀಟರಿನವರೆಗೆ. ದಖ್ಖನಿನಲ್ಲಿ ದನ ಸಾಕಿದ ಮೊದಲ ಜನ 5 ಮೀಟರಿನ ಹತ್ತಿರ. ಟೇಪು ಮುಗಿಯಿತು.

ಈಗ ಸುರಪುರದ ಕಡೆ ಹುಣಸಗಿ ಹತ್ತಿರದ ಇಸಾಂಪುರಕ್ಕೆ ಬನ್ನಿ. ಅಲ್ಲಿ ಸುಣ್ಣದಕಲ್ಲು ಒಡೆದು ಕೈಗೊಡಲಿ ಮಾಡಿದ ಜಾಗವನ್ನು ಕೆ. ಪದ್ದಯ್ಯ ಅವರ ತಂಡ ಅಗೆದು ತೋರಿಸಿತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಅಂತ ಬಂದಿದೆ. ನಮ್ಮ ಟೇಪಿನ ಲೆಕ್ಕದಲ್ಲಿ ಅದು 1.2 ಕಿಲೋಮೀಟರ್ ಆಚೆ. ಅಂದರೆ ನಿಮ್ಮ ಮನೆಯಿಂದ ಬಸ್ ಸ್ಟ್ಯಾಂಡಿನ ತನಕ ಬರೀ ಬೇಟೆ, ಗೆಡ್ಡೆಗೆಣಸು, ಅಲೆದಾಟ. ದನ, ಹೊಲ, ಮಡಿಕೆ, ಊರು, ಗೌಡ, ರಾಜ, ಮೊಬೈಲು ಎಲ್ಲವೂ ಕೊನೆಯ ಐದು ಮೀಟರಿನಲ್ಲಿ. ಇದನ್ನು ಮಕ್ಕಳ ಜೊತೆ ಮಾಡಿ ನೋಡಿ, ಯಾವ ಪಾಠಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ನಾವು ಓದಲು ಹೊರಟಿರುವುದು ಆ ಕೊನೆಯ ಐದು ಮೀಟರಿನ ಮೊದಲರ್ಧವನ್ನು. ಪಠ್ಯದಲ್ಲಿ ಅದಕ್ಕೆ ನವಶಿಲಾಯುಗ ಅನ್ನುತ್ತಾರೆ, ದಕ್ಷಿಣದಲ್ಲಿ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ.

ಊರಿನ ಹೆಸರು ಕೇಳಿಸಿಕೊಳ್ಳಿ

ಹೊರಡುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸ ಇದು. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯ ನಕ್ಷೆ ತೆಗೆದು ಬೂದಿ ಅನ್ನುವ ಹೆಸರು ಎಲ್ಲೆಲ್ಲಿದೆ ನೋಡಿ. ಸುರಪುರ ಸೀಮೆಯ ಬೂದಿಹಾಳ ಅಂಥದ್ದೇ. ಅಲ್ಲಿ ದೊಡ್ಡ ಬೂದಿದಿಬ್ಬ, ಅಂದರೆ ಆ ಕಾಲದ ಜನ ಬಿಟ್ಟುಹೋದ ಬೂದಿಯ ಗುಡ್ಡೆ ಇದೆ, ಪಕ್ಕದಲ್ಲಿ ಜನ ವಾಸ ಇದ್ದ ಜಾಗ, ದನ ಕಡಿದು ಮಾಂಸ ಮಾಡಿದ ನೆಲ ಕೂಡ ಸಿಕ್ಕಿವೆ. ಎಲ್ಲ ಬೂದಿಹಾಳದಲ್ಲೂ ಹೀಗೇ ಇರುತ್ತೆ ಅಂತಲ್ಲ, ಆದರೆ ಹೆಸರು ಒಂದು ಸುಳಿವು.

ಹಾಗೇ ಕತೆಗಳು. ಕುಡತಿನಿ ಕಡೆಯ ದಿಬ್ಬವನ್ನು ಹಿಡಿಂಬಾಸುರನನ್ನು ಸುಟ್ಟ ಬೂದಿ ಅಂತ ಹೇಳುತ್ತಿದ್ದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನು ದಹನ ಮಾಡಿದ ಜಾಗ ಅಂತ ಈಗಲೂ ತೋರಿಸುತ್ತಾರೆ. ಕಲ್ಲುಚಪ್ಪಡಿಯ ಗೋರಿ ಇದ್ದ ಕಡೆ ಪಾಂಡವರ ಹೆಸರು, ಇಲ್ಲ ಮೋರೇರ ಮನೆ ಅನ್ನುವ ಹೆಸರು. ಈ ಕತೆಗಳನ್ನು ಸುಳ್ಳು ಅಂತ ತಳ್ಳಿಹಾಕಬೇಡಿ. ಇದು ನಮ್ಮ ಕಾಲದ್ದಲ್ಲ, ನಮ್ಮ ಅಜ್ಜಂದಿರ ಕಾಲದ್ದೂ ಅಲ್ಲ ಅನ್ನುವುದನ್ನು ಹಳ್ಳಿಯವರು ಸರಿಯಾಗಿಯೇ ಗುರುತಿಸಿದ್ದರು. ಆದ್ದರಿಂದ ಗುಡ್ಡದ ಬುಡದಲ್ಲಿ ಸಿಗುವ ಕುರಿ ಕಾಯುವವರನ್ನು ಮಾತಾಡಿಸಿ. "ಯಜಮಾನ್ರೇ, ಇಲ್ಲಿ ಹಳೇ ಕಾಲದ ಮಡಿಕೆ ಚೂರು ಬಿದ್ದಿರೋ ಜಾಗ ಯಾವ್ದು?" ಅಂತ ಕೇಳಿ. ಹಳೇ ಶಿಲೆ, ಶಾಸನ ಅಂತ ಕೇಳಿದರೆ ದೇವಸ್ಥಾನಕ್ಕೆ ಕಳಿಸುತ್ತಾರೆ. ನಿಧಿ ಅನ್ನುವ ಮಾತನ್ನಂತೂ ಎತ್ತಲೇಬೇಡಿ, ಅನುಮಾನ ಬರುತ್ತದೆ, ಬರಬೇಕಾದ್ದೇ.

ಹತ್ತುವಾಗ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಒಬ್ಬರಿಗೆ ಮೂರು ಲೀಟರ್ ನೀರು, ಟೋಪಿ, ಗಟ್ಟಿ ಶೂ. ಆ ಸೀಮೆಯ ಗುಡ್ಡಗಳಲ್ಲಿ ಕರಡಿ, ಹಾವು ಎರಡೂ ಇವೆ, ಹಾಗಾಗಿ ಒಬ್ಬರೇ ಹೋಗಬೇಡಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಕತ್ತಲಾಗುವ ಮುಂಚೆ ಇಳಿಯಿರಿ.

ಬಂಡೆ ಮೇಲೆ ಮೊದಲು ಕಣ್ಣಿಗೆ ಬೀಳುವುದು ಗುಳಿಗಳು. ಇಲ್ಲೇ ಓದು ಶುರು. ಗುಳಿಯೊಳಗೆ ಬೆರಳಾಡಿಸಿ. ಮಳೆನೀರು ನಿಂತು ಆದ ಗುಳಿ ಒಳಗೆ ತರಕಲಾಗಿರುತ್ತೆ, ಮರಳಿನ ಕಣ ಕೈಗೆ ಸಿಗುತ್ತೆ. ಮನುಷ್ಯ ತಿಕ್ಕಿದ್ದು ನುಣುಪು, ನಾಲ್ಕು ಸಾವಿರ ವರ್ಷದ ಮಳೆ ಬಿಸಿಲು ಕಂಡ ಮೇಲೂ ನುಣುಪು. ಅದರಲ್ಲೂ ಎರಡು ಬಗೆ. ಅಗಲವಾಗಿ, ಆಳ ಇಲ್ಲದೆ, ಮೊಟ್ಟೆ ಆಕಾರದಲ್ಲಿದ್ದರೆ ಕಾಳು ಅರೆದ ಜಾಗ. ಚಟ್ನಿ ಅರೆಯುವ ಕಲ್ಲು ನೋಡಿದ್ದೀರಲ್ವಾ, ಎರಡೂ ಕೈಯಿಂದ ಗುಂಡು ಹಿಡಿದು ಹಿಂದಕ್ಕೆ ಮುಂದಕ್ಕೆ ತಳ್ಳುವುದು, ಅದೇ ಕ್ರಮ. ಸುತ್ತಿಸುವ ಬೀಸುಕಲ್ಲು ಬಂದದ್ದು ಬಹಳ ಆಮೇಲೆ. ಇನ್ನು ಸಣ್ಣದಾಗಿ, ಉದ್ದಕ್ಕೆ, ದೋಣಿಯಂತೆ ಒಳಗಿಳಿದಿದ್ದರೆ ಅದು ಕೊಡಲಿ ಮಸೆದ ಗೀರು.

ಎರಡನೆಯದು, ಬಂಡೆಯ ಅಂಚಿನಲ್ಲಿ ಸಾಲಾಗಿ ಚೌಕ ತೂತುಗಳು ಕಂಡರೆ ಅದು ಆಮೇಲಿನ ರಾಜರ ಕಾಲದಲ್ಲಿ ಗುಡಿ, ಕೋಟೆಗೆ ಕಲ್ಲು ಸೀಳಿದ ಗುರುತು. ಉದ್ದನೆಯ ಕೊಳವೆಯನ್ನು ಸೀಳಿದ ಹಾಗೆ ನೇರ ಗೆರೆ ಕಂಡರೆ ಮೆಷಿನ್ ಡ್ರಿಲ್ಲಿಂಗ್, ನಿನ್ನೆ ಮೊನ್ನೆಯದು. ಒಂದೇ ಗುಡ್ಡದಲ್ಲಿ ಮೂರೂ ಸಿಗುತ್ತವೆ.

ಅರೆದ ಗುಳಿಯ ಪಕ್ಕ ಸುಮ್ನೆ ಹತ್ತು ನಿಮಿಷ ಕೂತುಕೊಳ್ಳಿ. ಅಲ್ಲಿಂದ ಏನು ಕಾಣುತ್ತೆ? ಪಕ್ಕದಲ್ಲಿ ಇನ್ನೆಷ್ಟು ಗುಳಿ ಇವೆ? ಮೂರು ನಾಲ್ಕು ಒಟ್ಟಿಗೆ ಇದ್ದರೆ ಅಲ್ಲಿ ಮೂರು ನಾಲ್ಕು ಜನ ಕೂತು, ಮಾತಾಡಿಕೊಂಡು ಅರೆಯುತ್ತಿದ್ದರು ಅಂತ ಊಹಿಸಲು ತಪ್ಪೇನಿಲ್ಲ. ನನಗೆ ಆರಂಭದ ಸಮಾಜ ಅಂದರೆ ಮೊದಲು ನೆನಪಾಗುವುದು ಈ ಗುಳಿಗಳು. ಈಟಿ ಹಿಡಿದು ಓಡುವ ಗಂಡಸಿನ ಚಿತ್ರ ಆಮೇಲೆ. ದಿನಾ ಗಂಟೆಗಟ್ಟಲೆ ಅರೆದ ಕೈಗಳ ಮೇಲೆ ಆ ಊರು ನಿಂತಿತ್ತು.

ಏನನ್ನು ಅರೆಯುತ್ತಿದ್ದರು ಅನ್ನುವುದು ಗೊತ್ತಾಗಿದೆ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಸುಟ್ಟು ಕರಕಲಾದ ಕಾಳು ಮೇಲೆ ತೇಲುತ್ತವೆ. ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದವರು ಹೀಗೆ ತೇಲಿಸಿ ನೋಡಿದಾಗ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ. ಕೊರಲೆ! ಈಗ ಸಿರಿಧಾನ್ಯ ಅಂತ ಪ್ಯಾಕೆಟ್ಟಿನಲ್ಲಿ ಮಾರುವ ಅದೇ ಕೊರಲೆ. ಗೋಧಿ, ಬಾರ್ಲಿ ಉತ್ತರದ ಕಡೆಯಿಂದ ಆಮೇಲೆ ಬಂದು ಸೇರಿದವು, ಅದೂ ಸ್ವಲ್ಪ. ರಾಗಿ, ಜೋಳ, ಸಜ್ಜೆ ಮೂರರ ತವರೂ ಆಫ್ರಿಕಾ. ಆದ್ದರಿಂದ ಸಂಗನಕಲ್ಲಿನ ಮೊದಲ ಅಡುಗೆಮನೆಯಲ್ಲಿ ಮುದ್ದೆ, ರೊಟ್ಟಿ ಊಹಿಸಬೇಡಿ. ಹುರುಳಿ ಬೇಯುವ ವಾಸನೆ ಊಹಿಸಿಕೊಳ್ಳಿ, ಅದು ಸರಿಹೊಂದುತ್ತದೆ.

ಕರಿಕಲ್ಲಿನ ಸಾಲು ಹಿಡಿದು ನಡೆಯಿರಿ

ಪಕ್ಕದ ಹಿರೇಗುಡ್ಡ, ಅಂದರೆ ಕಪ್ಪಗಲ್ಲು ಗುಡ್ಡ. ಇಂಗ್ಲಿಷಿನವರು ಕುಪ್ಗಲ್ ಅಂತ ಬರೆದದ್ದು ಇದನ್ನೇ. ಕೆಂಪು ಬೂದು ಗ್ರಾನೈಟ್ ಗುಡ್ಡದ ನಡುವೆ ಕಪ್ಪು ಕಲ್ಲಿನ ಒಂದು ಸಾಲು ಹಾದುಹೋಗಿದೆ, ಡೋಲರೈಟ್ ಅದು. ಗುಡ್ಡಕ್ಕೆ ಯಾರೋ ಕರಿ ಪಟ್ಟಿ ಎಳೆದ ಹಾಗೆ ದೂರದಿಂದಲೇ ಕಾಣುತ್ತೆ. ಅದನ್ನು ಹಿಡಿದು ನಡೆಯಿರಿ, ಕಾಲಕೆಳಗೆ ಚಕ್ಕೆಗಳು ಸಿಗುತ್ತವೆ.

ಚಕ್ಕೆ ತಾನಾಗಿ ಒಡೆದದ್ದೋ ಮನುಷ್ಯ ಒಡೆದದ್ದೋ ಅಂತ ತಿಳಿಯುವುದು ಹೇಗೆ? ಅಂಚನ್ನು ನೋಡಿ. ಏಟು ಬಿದ್ದ ಕಡೆ ಒಂದು ಚಪ್ಪಟೆ ಜಾಗ, ಅದರ ಕೆಳಗೆ ಸಣ್ಣ ಉಬ್ಬು, ಆ ಉಬ್ಬಿನಿಂದ ಕೆರೆಗೆ ಕಲ್ಲು ಎಸೆದಾಗ ಏಳುವಂಥ ಅಲೆಗೆರೆ. ಇವು ಇದ್ದರೆ ಮನುಷ್ಯನ ಏಟು. ಬಿಸಿಲಿಗೆ ಸಿಡಿದ ಕಲ್ಲಿಗೆ ಈ ಉಬ್ಬು ಇರಲ್ಲ. ಡೋಲರೈಟಿನಲ್ಲಿ ಇದು ಸ್ವಲ್ಪ ಮಸುಕಾಗಿರುತ್ತದೆ, ನಾಲ್ಕೈದು ಚಕ್ಕೆ ನೋಡಿದ ಮೇಲೆ ಕಣ್ಣು ಹೊಂದಿಕೊಳ್ಳುತ್ತದೆ.

ಕೊಡಲಿ ಮಾಡುವುದಕ್ಕೆ ನಾಲ್ಕು ಹಂತ. ಸಾಲಿನಿಂದ ಕಲ್ಲು ಬಿಡಿಸುವುದು, ಚಕ್ಕೆ ಎಬ್ಬಿಸಿ ಆಕಾರಕ್ಕೆ ತರುವುದು, ಕುಟ್ಟಿ ಕುಟ್ಟಿ ಉಬ್ಬುತಗ್ಗು ತೆಗೆಯುವುದು, ಕೊನೆಗೆ ನೀರು ಹಾಕಿ ಬಂಡೆಯ ಮೇಲೆ ಮಸೆಯುವುದು. ಈಗ ಲೆಕ್ಕ ಹಾಕಿ. ಹಿರೇಗುಡ್ಡದ ಮೇಲೆ ಬಿದ್ದಿರುವ ಚಕ್ಕೆಗಳು ಒಂದು ಊರಿನ ಬಳಕೆಗೆ ಬೇಕಾದುದಕ್ಕಿಂತ ತುಂಬಾ ಜಾಸ್ತಿ. ಅಂದರೆ ಇಲ್ಲಿ ಮಾಡಿದ ಕೊಡಲಿ ಬೇರೆ ಊರುಗಳಿಗೆ ಹೋಗುತ್ತಿತ್ತು. ಕೊಡಲಿ ಹೋದರೆ ಬದಲಿಗೆ ಏನೋ ಬಂದಿರಬೇಕು, ಮಾಡುವುದನ್ನು ಕಲಿಸಿಕೊಡುವವರು ಇರಬೇಕು, ಆ ಕೆಲಸದಲ್ಲೇ ಪಳಗಿದ ಮನೆತನಗಳೂ ಇದ್ದಿರಬಹುದು. ಸಮಾಜ ಬೆಳೆಯಿತು ಅನ್ನುವ ದೊಡ್ಡ ಮಾತು ಇಲ್ಲಿ ಕಾಲಿಗೆ ಚುಚ್ಚುವ ಚಕ್ಕೆಯಾಗಿ ಸಿಗುತ್ತೆ ನೋಡಿ, ಅದಕ್ಕೇ ನನಗೆ ಈ ಜಾಗ ಅಷ್ಟು ಇಷ್ಟ.

ಅದೇ ಕರಿಕಲ್ಲಿನ ಬಂಡೆಗಳ ಮೇಲೆ ಚಿತ್ರಗಳಿವೆ. ಬಣ್ಣದವಲ್ಲ, ಕಲ್ಲಿನಿಂದ ಕುಟ್ಟಿ ಮೂಡಿಸಿದವು. ಇವನ್ನು ನೋಡಲು ಬೆಳಕು ಓರೆಯಾಗಿ ಬೀಳಬೇಕು, ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಸುಮಾರಿಗೆ. ನೆತ್ತಿ ಮೇಲಿನ ಬಿಸಿಲಿನಲ್ಲಿ ಎದುರಿಗೇ ಇದ್ದರೂ ಕಾಣುವುದಿಲ್ಲ. ಬಹುಪಾಲು ದನಗಳೇ, ಹೆಗಲ ಮೇಲೆ ಡುಬ್ಬ, ಹಳ್ಳಿಕಾರ್ ಎತ್ತಿನ ಹಾಗೆ ಉದ್ದ ಕೊಂಬು. ವಯಸ್ಸು ಅಂದಾಜು ಮಾಡಲು ಬಣ್ಣ ನೋಡಿ. ಹಳೆಯ ಗೆರೆ ಬಂಡೆಯ ಬಣ್ಣಕ್ಕೇ ತಿರುಗಿರುತ್ತದೆ, ಈಚಿನದು ಬೆಳ್ಳಗೆ ಎದ್ದು ಕಾಣುತ್ತದೆ. ಚಿತ್ರಕ್ಕೆ ಸೀಮೆಸುಣ್ಣ ಬಳಿದು ಫೋಟೊ ತೆಗೆಯಬೇಡಿ, ನೀರೂ ಹಾಕಬೇಡಿ. ಪಕ್ಕದಿಂದ ಟಾರ್ಚ್ ಹಿಡಿದರೆ ಸಾಕು.

ಇಲ್ಲಿ ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ದನಿ ಕೊಡುತ್ತವೆ. ಬಡಿದು ಬಡಿದು ಗುಳಿ ಬಿದ್ದ ಗುರುತುಗಳಿವೆ. ನಿಕೋಲ್ ಬೋವಿನ್ ಅನ್ನುವ ಪುರಾತತ್ವಜ್ಞೆ 2004ರಲ್ಲಿ ಇದರ ಬಗ್ಗೆ ಬರೆದ ಮೇಲೆ ಹೊರಗಿನವರಿಗೆ ಹೆಚ್ಚು ಗೊತ್ತಾಯಿತು. ನೀವು ಕಲ್ಲಿನಿಂದ ಹೊಡೆದು ನೋಡಬೇಡಿ, ಪ್ರತಿ ಏಟಿಗೂ ಹಳೆಯ ಗುರುತು ಸವೆಯುತ್ತದೆ. ಬೆರಳ ಗಣ್ಣಿನಿಂದ ಮೆಲ್ಲಗೆ ತಟ್ಟಿ, ಕಿವಿ ಹತ್ತಿರ ಇಡಿ.

ಮಡಿಕೆ ಚೂರು ಸಿಕ್ಕರೆ

ಒಳಮೈ ನೋಡಿ. ಸಮಾನಾಂತರ ಸಣ್ಣ ಗೆರೆಗಳಿದ್ದರೆ ತಿಗರಿಯ ಮೇಲೆ ಮಾಡಿದ್ದು. ಏರುತಗ್ಗಾಗಿ, ಬೂದು ಬಣ್ಣದಲ್ಲಿ, ಹೊರಗೆ ಮಾತ್ರ ಉಜ್ಜಿ ನುಣುಪು ಮಾಡಿದ್ದರೆ ಕೈಯಲ್ಲೇ ಮಾಡಿದ ನವಶಿಲಾಯುಗದ ಮಡಿಕೆ. ಒಳಗೆ ಪೂರ್ತಿ ಕಪ್ಪು, ಹೊರಗೆ ಬಾಯಿ ಕಪ್ಪು, ಕೆಳಗೆ ಕೆಂಪು ಇದ್ದರೆ ಅದು ಕಬ್ಬಿಣ ಬಂದ ಕಾಲದ್ದು. ನೋಡಿ, ಫೋಟೊ ತೆಗೆದು, ಇದ್ದಲ್ಲೇ ಇಟ್ಟುಬಿಡಿ.

ಮಡಿಕೆಯ ವಿಷಯದಲ್ಲಿ ಒಂದು ಮಾತು. ಈ ಜನ ತೀರಿಕೊಂಡ ಎಳೆ ಮಕ್ಕಳನ್ನು ಮಡಿಕೆಯೊಳಗೆ ಇಟ್ಟು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಬ್ರಹ್ಮಗಿರಿಯಲ್ಲಿ, ತೆಕ್ಕಲಕೋಟೆಯಲ್ಲಿ ಹೀಗೆ ಸಿಕ್ಕಿದೆ. ದೂರ ಕಳಿಸಲು ಮನಸ್ಸು ಬರಲಿಲ್ಲವೇನೋ ಅಂತ ನನಗನ್ನಿಸುತ್ತದೆ. ಆದ್ದರಿಂದ ಗುಡ್ಡದ ಮೇಲೆ ಕೋಲಿನಿಂದ ಕೆದಕುವುದು, ಮಕ್ಕಳು ಗುಂಡಿ ತೋಡುವುದು, ಯಾವುದೂ ಬೇಡ. ಅದು ಯಾರದೋ ಮನೆ.

ಬೂದಿದಿಬ್ಬ

ಸಂಗನಕಲ್ಲು ಮುಗಿಸಿ ಹೊಸಪೇಟೆ ರಸ್ತೆ ಹಿಡಿದರೆ ಕುಡತಿನಿ ಬಳಿ ಬೂದಿದಿಬ್ಬ ಸಿಗುತ್ತೆ. ಇದು ನೋಡಲು ಸಾಧಾರಣ, ತಿಳಿದುಕೊಂಡರೆ ಅಚ್ಚರಿ. ಬ್ರಿಟಿಷರ ಕಾಲದಲ್ಲಿ ಒಬ್ಬರು ಜ್ವಾಲಾಮುಖಿ ಅಂದರು, ಒಬ್ಬರು ಕಬ್ಬಿಣದ ಕುಲುಮೆ ಅಂದರು. ರಾಬರ್ಟ್ ಬ್ರೂಸ್ ಫೂಟ್, 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಕೈಗೊಡಲಿ ಗುರುತಿಸಿದವರು, ಇದು ಸಗಣಿಯ ಬೂದಿ ಅಂದರು. ಆಮೇಲೆ ಪ್ರಯೋಗಾಲಯದಲ್ಲಿ ಅದೇ ಖಚಿತವಾಯಿತು. ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬ ಅಗೆದಾಗ ದನ ಕೂಡುವ ದೊಡ್ಡಿಯ ಕಂಬಗಳ ಗುರುತು, ಜೊತೆಗೆ ದನದ ಗೊರಸಿನ ಅಚ್ಚುಗಳು ಸಿಕ್ಕವು.

ದಿಬ್ಬ ಕಡಿದ ಕಡೆ ಅಡ್ಡ ನಿಂತು ನೋಡಿ. ಮೆತ್ತಗಿನ ಬಿಳಿಬೂದು ಪದರ, ಅದರ ಮೇಲೆ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ, ಮತ್ತೆ ಬೂದಿ. ಅಂದರೆ ಸಗಣಿ ಕೂಡಿಟ್ಟು, ಸುಟ್ಟು, ಮತ್ತೆ ಕೂಡಿಟ್ಟು, ಮತ್ತೆ ಸುಟ್ಟಿದ್ದಾರೆ, ತಲೆಮಾರುಗಳ ಕಾಲ. ಒಲೆಗೆ, ಹೊಲಕ್ಕೆ ಬೇಕಾದ ಸಗಣಿಯನ್ನು ಯಾಕೆ ಹೀಗೆ ರಾಶಿ ಹಾಕಿ ಸುಟ್ಟರು? ಆಲ್ಚಿನ್ ಇದನ್ನು ನಮ್ಮ ಹಬ್ಬಗಳ ಬೆಂಕಿಗೆ ಹೋಲಿಸಿದರು. ಸಂಕ್ರಾಂತಿಯಲ್ಲಿ ದನ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಆ ಹೋಲಿಕೆ ತಕ್ಷಣ ತಟ್ಟುತ್ತದೆ. ಅಲ್ಲಿಂದ ಇಲ್ಲಿಗೆ ನೇರ ದಾರ ಎಳೆಯಲು ನಾನು ಹೋಗುವುದಿಲ್ಲ, ನಡುವೆ ಮೂರು ಸಾವಿರ ವರ್ಷಕ್ಕೂ ಮೀರಿದ ಅಂತರವಿದೆ. ಆದರೆ ವರ್ಷಕ್ಕೊಮ್ಮೆಯೋ ಎರಡು ಸಲವೋ ಸುತ್ತಲಿನ ಜನ ದನ ಹೊಡೆದುಕೊಂಡು ಬಂದು, ಒಂದೇ ಬೆಂಕಿಯ ಸುತ್ತ ಸೇರಿದ್ದರು ಅಂತ ಯೋಚಿಸಿ. ಹೆಣ್ಣು ಕೊಟ್ಟು ತರುವುದು, ಜಗಳ ತೀರಿಸುವುದು, ಕೊಡಲಿ ಬದಲಾಯಿಸಿಕೊಳ್ಳುವುದು, ಎಲ್ಲಕ್ಕೂ ಅಂಥ ಒಂದು ಕೂಟ ಬೇಕಲ್ವಾ.

ಸಂಗನಕಲ್ಲಿನ ಸಣ್ಣರಾಚಮ್ಮ ಗುಡ್ಡದ ಮೇಲೂ ಕೆಳಗೆ ಬೂದಿಯ ಪದರ, ಅದರ ಮೇಲೆ ಊರಿನ ಪದರ. ದನ ಸೇರುತ್ತಿದ್ದ ಜಾಗವೇ ಆಮೇಲೆ ಊರಾಯಿತು. ನಾವು ಸಾಮಾನ್ಯವಾಗಿ ಬೇಸಾಯ ಬಂತು, ಆದ್ದರಿಂದ ಊರು ಬಂತು ಅಂತ ಓದಿರುತ್ತೇವೆ. ಇಲ್ಲಿ ಕತೆ ದನದಿಂದ ಶುರು.

ಮರುದಿನ ಹಿರೇಬೆಣಕಲ್

ಗಂಗಾವತಿ ಕಡೆಯ ಈ ಗುಡ್ಡಕ್ಕೆ ಒಂದು ಪೂರ್ತಿ ದಿನ ಇಡಿ. ಸುಮಾರು 400 ಶಿಲಾ ಸಮಾಧಿಗಳಿವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ನಾಲ್ಕೂ ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಮನೆಗಳು, ಕೆಲವಕ್ಕೆ ದುಂಡನೆಯ ಕಿಂಡಿ. ಮೋರೇರು ಅನ್ನುವ ಗಿಡ್ಡ ಜನ ಇಲ್ಲಿದ್ದರು ಅಂತ ಸುತ್ತಲಿನವರು ಹೇಳುತ್ತಾರೆ. ಗುಡ್ಡದ ಮೇಲೆ ನಗಾರಿಯಂಥ ಒಂದು ಬಂಡೆಯೂ ಇದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಮುಚ್ಚಳದ ಚಪ್ಪಡಿ ನೋಡಿ, ಅದನ್ನು ಎತ್ತಲು ಎಷ್ಟು ಜನ ಬೇಕು ಅಂತ ಜೊತೆಗಿರುವವರೆಲ್ಲ ಒಂದೊಂದು ಅಂದಾಜು ಹೇಳಿ. ಆ ಜನರಿಗೆ ಊಟ ಹಾಕಿದ್ದು ಯಾರು? ಬನ್ನಿ ಅಂತ ಕರೆದಾಗ ಬರುವಂತೆ ಮಾಡಿದ್ದು ಯಾವುದು? ಸಂಗನಕಲ್ಲಿನ ಕಾಲದಲ್ಲಿ ಮನೆಯ ನೆಲದಡಿ ಮಗುವನ್ನು ಇಟ್ಟ ಜನಕ್ಕೂ, ಇಲ್ಲಿ ಬೆಟ್ಟದ ಮೇಲೆ ಸತ್ತವರಿಗೆ ಕಲ್ಲಿನ ಊರನ್ನೇ ಕಟ್ಟಿದ ಜನಕ್ಕೂ ನಡುವೆ ಏನೋ ಬದಲಾಗಿದೆ. ಕಬ್ಬಿಣ ಬಂದಿದೆ. ದೊಡ್ಡ ಸಮಾಧಿ, ಸಣ್ಣ ಸಮಾಧಿ ಅಂತ ಆಗಿದೆ. ದೊಡ್ಡವರು, ಸಣ್ಣವರು ಅನ್ನುವುದು ಕಲ್ಲಿನಲ್ಲೇ ಕಾಣುತ್ತದೆ.

ಹಾಗೇ ಹತ್ತಿರದ ನೀರಿನ ಹೊಂಡವನ್ನೂ ನೋಡಿ, ಚಪ್ಪಡಿ ಬಿಡಿಸಿದ ಕ್ವಾರಿಯೇ ಆಮೇಲೆ ಹೊಂಡವಾಗಿರಬೇಕು.

ಹಿಂದೆ ಬಂದ ಮೇಲೆ

ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಇದೆ. ಗುಡ್ಡ ನೋಡಿ ಬಂದ ಮೇಲೆ ಹೋಗಿ, ಮೊದಲು ಬೇಡ. ಚಕ್ಕೆ ತುಳಿದು ಬಂದ ಮೇಲೆ ಗಾಜಿನೊಳಗಿನ ಕೊಡಲಿಯನ್ನು ನೋಡುವ ನೋಟವೇ ಬೇರೆ ಆಗಿರುತ್ತದೆ. ಫೂಟ್ ಸ್ವತಃ ಕೂಡಿಸಿದ ವಸ್ತುಗಳು ಚೆನ್ನೈನ ಎಗ್ಮೋರ್ ಸಂಗ್ರಹಾಲಯದಲ್ಲಿವೆ.

ನಿಮ್ಮ ಊರಿನ ಹೊಲದಲ್ಲೇ ನುಣುಪಾದ ಕಲ್ಲುಕೊಡಲಿ ಕಣ್ಣಿಗೆ ಬಿದ್ದರೆ, ಅದು ಇರುವ ಹಾಗೇ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಇನ್ನೊಂದು ಫೋಟೊ ದೂರದಿಂದ, ಹಿಂದೆ ಗುಡ್ಡವೋ ಮರವೋ ಕಾಣುವಂತೆ. ಊರು, ಸರ್ವೆ ನಂಬರ್, ತಾರೀಕು ಬರೆದಿಡಿ, ಮೊಬೈಲಿನಲ್ಲಿ ಲೊಕೇಶನ್ ಉಳಿಸಿ. ರಾಜ್ಯ ಪುರಾತತ್ವ ಇಲಾಖೆಗೆ, ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಎರಡೂ ಕಡೆ ಕಳಿಸಿ. ಹಳ್ಳಿಯಲ್ಲಿ ಇಂಥ ಕೊಡಲಿಗಳನ್ನು ದೇವರ ಕಟ್ಟೆಯ ಮೇಲೆ ಇಟ್ಟು ಪೂಜೆ ಮಾಡುವುದೂ ಉಂಟು, ಅಲ್ಲಿದ್ದರೆ ಅಲ್ಲೇ ಇರಲಿ, ಕೇಳಿ ಫೋಟೊ ತೆಗೆದುಕೊಳ್ಳಿ.

ಸರ್ವೆ ನಂಬರ್ ಬರೆಯುವುದನ್ನು ಮಾತ್ರ ಬಿಡಬೇಡಿ. ಸಂಗನಕಲ್ಲು ಕಪ್ಪಗಲ್ಲಿನ ಗುಡ್ಡಗಳ ಒಂದಷ್ಟು ಭಾಗ ಕಲ್ಲು ಗಣಿಗಾರಿಕೆಗೆ ಹೋಗಿದೆ. ಎಷ್ಟೋ ಬೂದಿದಿಬ್ಬಗಳ ಮಣ್ಣು ಗೊಬ್ಬರ ಅಂತ ಟ್ರ್ಯಾಕ್ಟರಿನಲ್ಲಿ ಹೊಲ ಸೇರಿದೆ. ಕ್ವಾರಿಗೆ ಪರವಾನಗಿ ಕೇಳಿ ಅರ್ಜಿ ಬಂದ ದಿನ, ಈ ಸರ್ವೆ ನಂಬರಿನ ಬಂಡೆ ಮೇಲೆ ಇಂಥ ಚಿತ್ರ ಇದೆ, ಇಂಥ ತಾರೀಕಿನಂದು ನೋಡಿದ್ದೇವೆ ಅಂತ ಇಲಾಖೆಯ ಮುಂದೆ ಇಡಲು ನಿಮ್ಮ ಆ ಒಂದು ಫೋಟೊ, ಆ ಒಂದು ಸಾಲು ಬೇಕಾಗುತ್ತದೆ.